ಅತ್ತೆಯ ಅಂಗೈ

"ಇಂಜಿನ್ ಆಫ್ ಮಾಡ್ಬೇಡ," ಎಂದು ಅತ್ತೆ ವ್ಯಾನಿನೊಳಗಿನ ಹಾಸಿಗೆಯಡಿಗೆ ಬಾಗಿ, ಬ್ಯಾಟರಿಗೆ ಬರುವ ದಪ್ಪ ಕೆಂಪು ವೈರಿನ ಜೋಡಣೆಯ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಜೋಡಣೆ ಸಡಿಲವಿದ್ದು ಬಿಸಿಯಾದರೆ ಅಲ್ಲೇ ಕತ್ತರಿಸುವುದು ಅವರ ಅಂಗಡಿಯ ನಿಯಮ; ಆ ಜೋಡಣೆ ಮಾಡಿದವರು ಮತ್ತೆ ಗಿರಾಕಿಯ ಗಾಡಿ ಮುಟ್ಟುವಂತಿರಲಿಲ್ಲ. ಸ್ವಂತ ಮಗನಿಗೂ ವಿನಾಯಿತಿ ಸಿಕ್ಕಿರಲಿಲ್ಲ. ಅಡುಗೆ, ನಿದ್ದೆಗೆಲ್ಲ ಸಜ್ಜಾದ ಈ ವ್ಯಾನಿನ ವೈರಿಂಗನ್ನು ಮೊದಲ ಸಲ ಒಬ್ಬಳೇ ಮಾಡಿದ್ದ ಸೊಸೆ ಪಕ್ಕದಲ್ಲೇ ನಿಂತು ಆ ಕೈಯನ್ನೇ ನೋಡುತ್ತಿದ್ದಳು.

ಇಂಜಿನ್ ಓಡುತ್ತಿತ್ತು, ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಅತ್ತೆ ದೇವರ ಮುಂದೆ ನಿಂತವರಂತೆ ಕಣ್ಣು ಮುಚ್ಚಿದ್ದರು.

"ನನ್ನ ಕೆಲಸದ ಮೇಲೆ ಇಷ್ಟು ಹೊತ್ತು ಯಾವತ್ತಮ್ಮಾ ಕೈ ಇಟ್ಟಿದ್ದೆ?" ಮಗ ಹೊರಗಿನಿಂದ ಗೊಣಗಿದ.

"ಇಡೋಕೆ ಎಲ್ಲಪ್ಪಾ ಆಗ್ತಿತ್ತು? ಸುಡ್ತಿತ್ತು!"

ನಗುತ್ತಲೇ ಕಣ್ಣು ತೆರೆದ ಅತ್ತೆ, ಆ ಅಂಗೈಯನ್ನು ತಂದು ಸೊಸೆಯ ಬಿಸಿಯೇರಿದ ಕೆನ್ನೆಗೆ ಒತ್ತಿದರು. ಅದು ತಣ್ಣಗಿತ್ತು.

ಸರದಿಗೆ ಕಾದಿದ್ದ ಗಿರಾಕಿ ಒಳಗೆ ಇಣುಕಿ, "ನಮ್ಮ ವ್ಯಾನ್‌ಗೂ ನೀವೇ ಕೈ ಹಾಕ್ತೀರಲ್ಲಮ್ಮಾ?" ಎಂದ.

"ನಾನ್ಯಾಕೆ? ನಮ್ಮ ಸೊಸೆ ಇದಾಳಲ್ಲ!" ಎಂದರು ಅತ್ತೆ, ಇಡೀ ಬೀದಿಗೆ ಕೇಳುವ ಹಾಗೆ.