ತಪ್ಪೆಲ್ಲ ನಂದೇ

"ಆಯ್ತು, ತಪ್ಪೆಲ್ಲ ನಂದೇ. ಹಾಗೇ ಬರ್ಕೊಳ್ಳಿ ಮೇಡಂ," ಎಂದ ಮೆಕ್ಯಾನಿಕ್ ಜೇಬಿನಿಂದ ಕರವಸ್ತ್ರ ತೆಗೆದು, ಎಣ್ಣೆಯ ಸೋಂಕೂ ಇಲ್ಲದ ಕೈಗಳನ್ನು ಒರೆಸಿಕೊಂಡ. ವಿಚ್ಛೇದನಕ್ಕೆ ಎರಡು ದಾರಿಗಳಿವೆ, ಒಬ್ಬರ ತಪ್ಪನ್ನು ಸಾಬೀತು ಮಾಡಬೇಕು, ಇಲ್ಲವೇ ಯಾರ ತಪ್ಪನ್ನೂ ಎತ್ತದೆ ಇಬ್ಬರೂ ಒಪ್ಪಿ ಬೇರೆಯಾಗಬೇಕು ಎಂದು ವಕೀಲೆ ಆಗಷ್ಟೇ ಹೇಳಿ ಮುಗಿಸಿದ್ದರು.

ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಆ ಕರವಸ್ತ್ರವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಪ್ರತಿ ಜಗಳವೂ ಹೀಗೇ ಮುಗಿಯುತ್ತಿತ್ತು: 'ನಂದೇ ತಪ್ಪು' ಅನ್ನುವುದು, ಗಾಡಿ ರಿಪೇರಿ ಮುಗಿಸಿದವನಂತೆ ಕೈ ಒರೆಸಿಕೊಳ್ಳುವುದು, ಎದ್ದು ಹೋಗುವುದು. ಅವಳು ಹೇಳಿದ್ದೆಲ್ಲ ಗೋಡೆಗೆ ಹೇಳಿದಂತಾಗುತ್ತಿತ್ತು. ಈ ಸಲವಾದರೂ ತಪ್ಪು ಏನೆಂದು ಕೋರ್ಟೇ ಅವನಿಗೆ ಹೇಳಲಿ ಎಂದು ಹಟ ಹಿಡಿದು ಬಂದಿದ್ದಳು.

"ಏನು ತಪ್ಪು ಅಂತ ಹೇಳ್ಬೇಕಲ್ಲಪ್ಪ," ಎಂದು ವಕೀಲೆ ಪೆನ್ನು ಎತ್ತಿಕೊಂಡರು.

ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವವನು ತಬ್ಬಿಬ್ಬಾಗಿ ಹೆಂಡತಿಯ ಕಡೆ ತಿರುಗಿದ. "ಏನೇ ಅದು? ನೀನೇ ಹೇಳ್ಬಿಡು."

ಅವಳ ಹಟ ಅಲ್ಲೇ ಇಳಿಯಿತು. "ಯಾರ ತಪ್ಪೂ ಇಲ್ಲ ಅಂತ್ಲೇ ಮಾಡಿ ಮೇಡಂ. ಇಷ್ಟು ವರ್ಷ ಹೇಳಿದ್ದನ್ನ ಮತ್ತೆ ಮೊದಲಿಂದ ಹೇಳೋಕೆ ನನ್ನ ಕೈಲಿ ಆಗಲ್ಲ."