ಶಿವಲೀಲಾಳ ಕನ್ನಡ

ಹೊರರಾಜ್ಯದಿಂದ ಬಂದು ಧಾರವಾಡದಲ್ಲಿ ಕಾಲೇಜು ಸೇರುವವರಿಗೆ ಒಳ್ಳೆಯ ಅಂಕಗಳಿದ್ದರೆ ಸಾಕು, ಅರ್ಜಿ ಹಾಕದೆಯೇ ಸ್ಕಾಲರ್‌ಶಿಪ್ ಸಿಗುತ್ತದೆ. ಅದರ ಜೊತೆಗೆ ಊರಿನಲ್ಲಿ ತೀರಿಕೊಂಡ ಯಾರಾದರೊಬ್ಬರ ಕನ್ನಡವೂ ಸಿಗುತ್ತದೆ. ಒಡಿಶಾದ ಇತಿಶ್ರೀಗೆ ಬಂದದ್ದು ಖಾನಾವಳಿಯ ನೀಲವ್ವನ ಮಗಳು ಶಿವಲೀಲಾಳದು.

ಅಂದು ಮಧ್ಯಾಹ್ನವೂ ಇತಿಶ್ರೀ ಒಲೆಯ ಪಕ್ಕದಲ್ಲೇ ಕೂತಳು.

"ಅವ್ವಾ, ಹೊತ್ತಿದ್ದು ನನಗಿರ್ಲಿ."

ಶಿವಲೀಲಾ ಕೇಳುತ್ತಿದ್ದುದೂ ಹಾಗೆಯೇ, ಕೊನೆಯನ್ನು ತುಸು ಎಳೆದು. ನೀಲವ್ವ ಅಂಚು ಕರಿದಾದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಹುಡುಗಿ ಅದನ್ನು ಮುರಿಯಲಿಲ್ಲ.

"ನಿನ್ನೆ ಊರಿಗೆ ಫೋನ್ ಹಚ್ಚಿದ್ದೆ. ನಮ್ಮವ್ವ ಅಳಾಕತ್ತಿದ್ಲು. ಆಕಿ ಏನಂದ್ಲೋ, ನನಗ ಒಂದೂ ತಿಳೀಲಿಲ್ಲ."

ಹೀಗೆ ಸಿಕ್ಕ ಭಾಷೆ ಬೇರೂರಿದಂತೆ ಹುಟ್ಟುಭಾಷೆ ಜಾಗ ಬಿಡುವುದು ಎಲ್ಲರಿಗೂ ಗೊತ್ತಿದ್ದದ್ದೇ.

"ಈ ಸಲ ಮಾರ್ಕ್ಸ್ ಕಮ್ಮಿ ಬಿದ್ರ ಸ್ಕಾಲರ್‌ಶಿಪ್ಪೂ ಹೋಗ್ತೈತಿ, ಈ ಮಾತೂ ಹೋಗ್ತೈತಿ. ಆಮ್ಯಾಲ ನಮ್ಮವ್ವನ ಮಾತು ನನಗ ತಿಳೀತೈತಿ. ಖಾಲಿ ಪೇಪರ್ ಕೊಟ್ಟು ಬರ್ಲೇನು?"

ನೀಲವ್ವ ಕೈಗೆ ಮೆತ್ತಿದ ಹಿಟ್ಟನ್ನು ತಿಕ್ಕಿ ಉದುರಿಸಿದಳು. ಹೂಂ ಅನ್ನಬೇಕಿತ್ತು, ಅದು ಆಕೆಗೂ ಗೊತ್ತಿತ್ತು. ಇನ್ನೊಂದು ರೊಟ್ಟಿಯನ್ನು ಬೇಕೆಂದೇ ಹೊತ್ತಿಸಿ ತಂದು ಹಾಕಿದಳು.

"ಉಣ್ಣವಾ. ಉಂಡು ಹೋಗಿ ಓದು. ಪರೀಕ್ಷೆ ಚಲೋ ಬರಿ."

ಇತಿಶ್ರೀ ಬಹಳ ಹೊತ್ತು ಆಕೆಯ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆ ಸರಿಸಿ ಎದ್ದಳು.

"ಹೋಗ್ತೇನವ್ವಾ," ಎಂದಳು.

ನೀಲವ್ವ ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು. 'ಬರ್ತೇನಿ' ಅನ್ನದೆ ಶಿವಲೀಲಾ ಆ ಹೊಸ್ತಿಲು ದಾಟಿದ್ದು ಒಂದೇ ದಿನ, ಕೊನೆಯ ದಿನ.