ಎಡಗೈ ಡ್ಯೂಟಿ

ಹಾಲು ಸೀದ ವಾಸನೆಗೆ ಎಚ್ಚರವಾಗಿ ಡ್ರೈವರು ದಡಬಡಿಸಿ ಏಳಹೋದರೆ, ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದಂತಾಗಿ ಮತ್ತೆ ಮಂಚದ ಮೇಲೇ ಧೊಪ್ಪನೆ ಕೂತರು. ತಿರುಗಿ ನೋಡಿದರೆ ಯಾರೂ ಇಲ್ಲ, ಕೌದಿ. ಹೆಂಡತಿ ಹೊಲಿಯುತ್ತಿದ್ದ ಕೌದಿಗೆ ಅವರ ಖಾಕಿ ಅಂಗಿಯ ಹಿಂದಿನ ಅಂಚು ಗೇಣುದ್ದ ಸೇರಿಹೋಗಿತ್ತು.

"ಏನೇ ಇದು? ನನ್ನನ್ನೂ ಸೇರಿಸಿ ಹೊಲಿದುಬಿಟ್ಟಿದ್ದೀಯಲ್ಲೇ!"

ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಅಯ್ಯೋ ದೇವರೇ! ಖಾಕಿ ತುಂಡು ಅಂದ್ಕೊಂಡೆ ಕಣ್ರೀ. ಕೌದಿ ತುಂಬಾ ನಿಮ್ಮ ಹಳೇ ಯೂನಿಫಾರಮ್ಮೇ. ನಿವೃತ್ತಿ ಆದ್ಮೇಲೂ ನೀವು ಅದನ್ನೇ ಹಾಕ್ಕೊಂಡು ಬಿದ್ದಿದ್ರೆ, ಯಾವುದು ಕೌದಿ, ಯಾವುದು ನೀವು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ವಾದಕ್ಕೆ ಹೊತ್ತಿರಲಿಲ್ಲ. ಡ್ರೈವರು ಗುಂಡಿ ಬಿಚ್ಚಿ, ಅಂಗಿಯನ್ನು ಕೌದಿಗೇ ಬಿಟ್ಟು, ಬನಿಯನ್ನಿನಲ್ಲೇ ಅಡುಗೆಮನೆಗೆ ಓಡಿದರು. ಹಾಲು ಅರ್ಧ ಒಲೆಯ ಪಾಲಾಗಿ ಇನ್ನರ್ಧ ತಳ ಹಿಡಿದಿತ್ತು. ಗ್ಯಾಸ್ ಆರಿಸಿ, ಕಟ್ಟೆ ಒರೆಸಲು ಬಟ್ಟೆ ತೆಗೆದುಕೊಂಡವರು, ಒರೆಸದೆ ಹಾಗೇ ಗೋಡೆಗೊರಗಿ ನಿಂತುಬಿಟ್ಟರು. ಹಾಲು ಒಲೆಗಿಟ್ಟು ಕೌದಿ ಹಿಡಿಯಲು ಹೋದಲ್ಲೇ ಕಣ್ಣು ಹತ್ತಿಬಿಟ್ಟಿತ್ತು; ಅದು ಬಿಟ್ಟರೆ ಬೆಳಗ್ಗೆಯಿಂದ ಕೂತಿದ್ದಿಲ್ಲ. ಆಕೆಯನ್ನು ಎಬ್ಬಿಸಿ, ಬಚ್ಚಲಿಗೆ ನಡೆಸಿ, ತಲೆ ಬಾಚಿ, ಅಡುಗೆ, ಪಾತ್ರೆ, ಬಟ್ಟೆ ಅಂತ ಮುಗಿಸುವಷ್ಟರಲ್ಲಿ ಸೊಂಟ ತನ್ನದಲ್ಲ ಅನ್ನಿಸಿಬಿಡುತ್ತಿತ್ತು. ಊಟವಾದ ಮೇಲೆ ಒಂದಿಷ್ಟು ಅಡ್ಡಾಗೋಣ ಅಂದರೆ ಮಂಚದಿಂದ ಕರೆ ಬರುತ್ತಿತ್ತು. "ರೀ, ಬರ್ತೀರಾ?"

ಹೋದ ವರ್ಷ ಲಕ್ವ ಹೊಡೆದು ಆಕೆಯ ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ಎಡಗಡೆ ಕಣ್ಣೂ ಅಷ್ಟಕ್ಕಷ್ಟೇ. ಬಲಗೈ ಮಾತ್ರ ಚುರುಕಾಗಿತ್ತು, ಕೌದಿಯ ಹುಚ್ಚೂ ಹಾಗೇ ಇತ್ತು. ಆದರೆ ಕೌದಿಗೆ ಎರಡು ಕೈ ಬೇಕು, ಒಂದು ಹೊಲಿಯಲು, ಒಂದು ಬಟ್ಟೆಯನ್ನು ಬಿಗಿಯಾಗಿ ಹಿಡಿಯಲು. ಇಟ್ಟಿಗೆ ಇಟ್ಟು ನೋಡಿದ್ದಾಯಿತು. ಅದು ಒಂದು ಕಡೆ ಹಿಡಿದರೆ ಉಳಿದದ್ದೆಲ್ಲ ಸುಕ್ಕು. ಕೊನೆಗೆ ಎಡಗೈ ಡ್ಯೂಟಿ ಡ್ರೈವರ ತಲೆಗೇ ಬಂತು. ಜೀವಮಾನವಿಡೀ ಬಸ್ಸು ಓಡಿಸಿದ ಕೈ. ಸ್ವಲ್ಪ ಜೋರಾದರೆ ಸಾಕು, "ಮೆತ್ತಗೆ ಅಂದ್ನಲ್ರೀ, ಅದೇನು ಗೇರಾ?" ಎಂದು ಬೈಸಿಕೊಳ್ಳಬೇಕು.

ಇವತ್ತು ಹೇಳಿಯೇಬಿಡಬೇಕು ಅಂದುಕೊಂಡು ಡ್ರೈವರು ಕೋಣೆಗೆ ಬಂದರು.

"ಇನ್ನು ನನ್ನ ಕೈಲಾಗಲ್ಲ ಕಣೇ. ಸಾಕಾಗಿಹೋಯ್ತು. ಬೀರು ತುಂಬಾ ಕೌದಿ, ಹೊದ್ಕೊಳ್ಳೋರು ನಾವಿಬ್ಬರು. ಯಾರಿಗೋಸ್ಕರ ಹೊಲೀತಿದ್ದೀಯ?"

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನನಗೋಸ್ಕರ," ಅಂದಳು. "ಬೆಳಗಿಂದ ರಾತ್ರಿವರೆಗೂ ಎಲ್ಲಾ ನಿಮ್ಮ ಕೈಲಿ ಮಾಡಿಸ್ಕೊಳ್ಳೋದೇ ಆಯ್ತು. ನಾನೇ ಮಾಡೋದು ಅಂತ ಇರೋದು ಇದೊಂದು. ನಿಮ್ಮ ಮುಖ ನೋಡಿದ್ರೆ ಕರೆಯೋಕೂ ಹಿಂಸೆ ಆಗುತ್ತೆ ರೀ. ಬೇಡ ಅಂದ್ರೆ ಬಿಟ್ಬಿಡ್ತೀನಿ."

ಜಗಳವಾಡಿದ್ದರೆ ವಾಸಿಯಿತ್ತು. ಡ್ರೈವರು ಮಾತು ತಪ್ಪಿಸಲು ಕತ್ತರಿ ಹುಡುಕಿ ತಂದು, ಅಂಗಿ ಬಿಡಿಸಲು ಕೂತರು. ಒಂದು ದಾರಕ್ಕೆ ಕತ್ತರಿಯ ಮೊನೆ ಹಾಕಿದವರು ಹಾಗೇ ಕೈ ತಡೆದರು. ಕಾಯಿಲೆ ಬಿದ್ದ ಮೇಲೆ ಆಕೆ ಹೊಲಿದ ಸಾಲುಗಳೆಲ್ಲ ಅಂಕುಡೊಂಕು. ಅದಕ್ಕಾಗಿ ಆಕೆ ಅತ್ತದ್ದೂ ಉಂಟು. ಈ ಗೇಣುದ್ದದ ಸಾಲು ಮಾತ್ರ ಗೆರೆ ಕೊರೆದಂತೆ ನೆಟ್ಟಗಿತ್ತು.

"ಇದೇನೇ, ಇದೊಂದು ಇಷ್ಟು ಚೆನ್ನಾಗಿ ಬಂದಿದೆ?"

"ನೀವು ಗೊರಕೆ ಹೊಡೀತಾ ಇದ್ದಾಗ ಬಂದಿದ್ದು. ಬಟ್ಟೆ ಮೇಲೆ ಉದ್ದಕ್ಕೆ ಬಿದ್ಕೊಂಡಿದ್ರಲ್ಲ, ಅತ್ತ ಎಳೀಲಿಲ್ಲ, ಇತ್ತ ಬಿಡಲಿಲ್ಲ." ಆಕೆಯ ಮುಖದಲ್ಲಿ ಸಣ್ಣಗೆ ನಗು ಬಂತು. "ಎಚ್ಚರ ಇದ್ದಾಗ ಒಂದು ದಿನಾನೂ ಹೀಗೆ ಹಿಡಿದವರಲ್ಲ ನೀವು."

ಡ್ರೈವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದ್ರೆ ಇಷ್ಟು ದಿನ ನಾನು ನಿದ್ದೆಗೆಟ್ಟಿದ್ದೇ ತಪ್ಪಾಯ್ತು ಅನ್ನು!" ಎಂದು ಕತ್ತರಿ ಬದಿಗಿಟ್ಟರು. ಹೊಲಿದ ಅಂಗಿಯೊಳಕ್ಕೇ ಒಂದೊಂದಾಗಿ ತೋಳು ತೂರಿಸಿ, ಕೌದಿಯ ಅಂಚಿನ ಮೇಲೆ ಉದ್ದಕ್ಕೆ ಮಲಗಿದರು. ಬೆನ್ನು ಹಾಸಿಗೆಗೆ ತಾಗಿದ್ದೇ ತಡ, ಮೈಯಲ್ಲಿದ್ದ ಆಯಾಸವೆಲ್ಲ ಒಟ್ಟಿಗೇ ಇಳಿದುಬಂತು.

"ಸ್ವಲ್ಪ ಗೋಡೆ ಕಡೆಗೆ. ಹಾಂ, ಅಲ್ಲೇ. ಇನ್ನು ಅಲ್ಲಾಡಬೇಡಿ."

ಡ್ರೈವರು ಕಣ್ಣು ಮುಚ್ಚಿದರು. ದಾರ ಬಟ್ಟೆಯೊಳಗೆ ಸುರ್ರೆಂದು ಹಾಯುವ ಸದ್ದು ಕೇಳುತ್ತಿತ್ತು. ಅರೆನಿದ್ದೆಯಲ್ಲಿ ಅವರ ಬಾಯಿಂದ ಮಾತು ಜಾರಿತು.

"ಲೇ, ತುಂಬಾ ಸುಸ್ತಾಗಿದೆ ಕಣೇ. ಒಂದಿನ ಹೀಗೇ ಮಲಗಿದವನು ಏಳದೇ ಹೋಗ್ಬಿಟ್ರೆ?"

ದಾರದ ಸದ್ದು ನಿಂತಿತು.

"ಅದ್ಹೇಗೆ ಹೋಗ್ತೀರೋ ನಾನೂ ನೋಡ್ತೀನಿ," ಎಂದವಳು, ಈ ಸಲ ಕಣ್ಣಿಟ್ಟು ನೋಡಿಕೊಂಡೇ, ಅವರ ಅಂಗಿಯ ಅಂಚಿಗೆ ಇನ್ನೊಂದು ಹೊಲಿಗೆ ಹಾಕಿದಳು.